ಕುಡಚಡೆಯ ಕೋಚ್ ಮತ್ತು ಮಧ್ಯಂತರದ ಮಾತು

ಗೋವಾದ ಗಣಿಯೂರು ಕುಡಚಡೆಯ ಕಾಲೇಜಿನ ಫುಟ್‌ಬಾಲ್ ಕೋಚ್ ಗುರುಲಿಂಗನ ಆ ದಿನ ಕೆಟ್ಟದ್ದು ಶೇಂಗಾ ಹೋಳಿಗೆಯಿಂದ. ಬೆಳಿಗ್ಗೆ ಹೆಂಡತಿ ಶ್ವೇತಾ ಎರಡು ಡಬ್ಬಿ ಕಟ್ಟಿಟ್ಟಿದ್ದಳು. ಅವನ ಡಬ್ಬಿಯಲ್ಲಿ ಎರಡು ಹೋಳಿಗೆ, ಇನ್ನೊಂದರಲ್ಲಿ ನಾಲ್ಕು.

“ಇದು ಯಾರಿಗೆ?”

“ನವೀದ ಸರ್‌ಗೆ. ಇವತ್ತ ಫೈನಲ್ ಅಲ್ಲೇನ್ರಿ. ಪಾಪ, ಹುಡುಗ್ರಿಗೆ ಹೇಳಿ ಹೇಳಿ ಗಂಟಲ ಒಣಗಿರತೈತಿ.”

“ಹೋಳಿಗಿ ತಿಂದ್ರ ಗಂಟಲ ಹಸಿ ಆಗತೈತೇನು?”

“ತುಪ್ಪ ಹಚ್ಚೀನಲ್ರಿ.”

ಗುರುಲಿಂಗ ತನ್ನ ಡಬ್ಬಿಯನ್ನು ಮತ್ತೊಮ್ಮೆ ತೆರೆದು ನೋಡಿದ. ತುಪ್ಪ ಇರಲಿಲ್ಲ.

ನವೀದ ಇತಿಹಾಸದ ಮೇಷ್ಟ್ರು, ಹೆಸರಿಗೆ ತಂಡದ ಮ್ಯಾನೇಜರ್. ಜನ್ಮದಲ್ಲಿ ಚೆಂಡನ್ನು ಒದ್ದವನಲ್ಲ. ಅದಿರಿನ ಲಾರಿಗಳ ಕೆಂಪು ಧೂಳು ಹಾರಿ ಬಂದು ಊರಿನವರೆಲ್ಲರ ಕಾಲರಿನ ಮೇಲೆ ಕೂರುತ್ತಿತ್ತು, ಅವನ ಇಸ್ತ್ರಿ ಅಂಗಿಯ ಮೇಲೆ ಮಾತ್ರ ಕೂರುತ್ತಿರಲಿಲ್ಲ. ಧೂಳಿಗೂ ಅವನನ್ನು ಕಂಡರೆ ಮರ್ಯಾದೆ ಎಂದು ಗುರುಲಿಂಗನಿಗೆ ಅನ್ನಿಸುತ್ತಿತ್ತು.

ತಂಡದ ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲರ್ಧದಲ್ಲಿ ಹುಡುಗರು ಮದುವೆ ಊಟ ಮಾಡಿ ಬಂದವರಂತೆ ಆಡುತ್ತಿದ್ದರು. ಜನ ಜಾಗ ಹುಡುಕಿ ಕೂರುವಷ್ಟರಲ್ಲಿ ಒಂದು ಗೋಲು ಬಿದ್ದಿರುತ್ತಿತ್ತು. ಮಧ್ಯಂತರದಲ್ಲಿ ನವೀದ ಅವರನ್ನು ತಗಡಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಏನೋ ಹೇಳುತ್ತಿದ್ದ. ಹೊರಗೆ ಬಂದವರು ಬೇರೆಯೇ ಹುಡುಗರು. ಓಡುವುದೇನು, ಒದೆಯುವುದೇನು. ಎರಡು ಗೋಲು ಹೊಡೆದು ಗೆದ್ದು ಬರುತ್ತಿದ್ದರು. ಪ್ರಿನ್ಸಿಪಾಲರು ನವೀದನ ಬೆನ್ನು ತಟ್ಟುತ್ತಿದ್ದರು. ಗುರುಲಿಂಗ ಗೋಲಿನ ಬಲೆ ಸುತ್ತುತ್ತಿದ್ದ.

ನವೀದ ಒಳಗೆ ಏನು ಹೇಳುತ್ತಾನೆಂದು ಗುರುಲಿಂಗ ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ತನ್ನ ತಂಡದ ಶೆಡ್ಡಿನಲ್ಲಿ ನಿಂತು ಅವನ ಭಾಷಣ ಕೇಳುವುದಕ್ಕಿಂತ ಬಿಸಿಲಲ್ಲಿ ನಿಲ್ಲುವುದು ಮೇಲೆಂದು ದೂರ ಹೋಗಿ ನಿಂತುಬಿಡುತ್ತಿದ್ದ.

ದಾಳಿ ಹೇಗೆ ಮಾಡಬೇಕೆಂದು ಗೆರೆಯಾಚೆಯಿಂದ ಕೂಗಿ ಹೇಳುವುದು ಗುರುಲಿಂಗನ ಕೆಲಸ. ತಂಡದ ಹುಡುಗರೆಲ್ಲ ಬಾದಾಮಿ, ಇಂಡಿ, ಮುದ್ದೇಬಿಹಾಳದ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಅದಕ್ಕೇ ಅವನು ಕನ್ನಡದಲ್ಲೇ ಕೂಗುತ್ತಿದ್ದ. “ಗೋವಾದಾಗ ನಮ್ಮ ಮಾತು ಯಾರಿಗೆ ತಿಳೀತೈತ್ರಿ? ಎದುರಿನವ್ರಿಗೆ ಇದು ಬೀಗಾ ಹಾಕಿದ ಪೆಟ್ಟಿಗಿ ಇದ್ದಂಗ” ಎಂದು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದ.

ಆ ಬೆಳಿಗ್ಗೆ ಅವನು ಸ್ಟಾಫ್ ರೂಮಿಗೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕುರ್ಚಿಯಲ್ಲಿ ಕೂತಿತ್ತು. ಮ್ಹಾಪಸಾ ಊರಿನ ಕಾಲೇಜಿನ ಎದುರು ಇವತ್ತು ಸೋತರೆ ಮುಂದಿನ ವರ್ಷದಿಂದ ತಂಡ ನವೀದನ ಕೈಗೆ. ಪ್ರಿನ್ಸಿಪಾಲರು ಹಾಗೆಂದಿದ್ದರು.

“ಮಧ್ಯಂತರದ ಮಾತು ಮುಂಜಾನಿನ ಹೇಳಿಸಿಬಿಡ್ರಿ ಸರ್,” ಗ್ರಂಥಾಲಯದ ಮೀನಾ ಸಲಹೆ ಕೊಟ್ಟಳು. “ನವೀದ ಸರ್ ಇಲ್ಲೇ ಅದಾರ. ಕರೀಲೇನು?”

“ಬ್ಯಾಡ,” ಎಂದ ಗುರುಲಿಂಗ.

ಗುಮಾಸ್ತ ಹೀರಪ್ಪ ಚಹಾದ ಕಪ್ಪು ಕೆಳಗಿಟ್ಟ. “ಟಿಪ್ಪರ್ ಇಂಜಿನ್ ಇದ್ದಂಗ್ರಿ ಅವು. ಬಿಸಿ ಆಗೂತನಕ ದಿನ್ನಿ ಹತ್ತಂಗಿಲ್ಲ. ಆಟಕ್ಕಿಂತ ಮೊದ್ಲ ಓಡಿಸ್ರಿ.”

ಇದು ಗುರುಲಿಂಗನಿಗೆ ಹಿಡಿಸಿತು. ಇದರಲ್ಲಿ ನವೀದ ಇರಲಿಲ್ಲ.

ಮಧ್ಯಾಹ್ನ ಊಟವಾದ ಕೂಡಲೇ ಹುಡುಗರನ್ನು ಮೈದಾನಕ್ಕೆ ಇಳಿಸಿದ. ಓಡಿಸಿದ, ಕುಪ್ಪಳಿಸಲು ಹಚ್ಚಿದ, ಒಬ್ಬರನ್ನೊಬ್ಬರು ಹೊತ್ತುಕೊಂಡು ಓಡುವಂತೆ ಮಾಡಿದ. ಮ್ಹಾಪಸಾದವರ ಬಸ್ಸು ಬಂದು ನಿಂತಾಗ ಇಂಜಿನ್ನುಗಳು ಬಿಸಿಯಾಗಿ ಹೊಗೆಯಾಡುತ್ತಿದ್ದವು. ಸೀಟಿ ಊದಿದ ಹೊತ್ತಿಗೆ ಗೋಲು ಕಾಯುವ ಪರಶು ಬೂಟಿನ ಲೇಸು ಕಟ್ಟಲು ಕೂತವನು ಹಾಗೆಯೇ ಕೂತಿದ್ದ. ಅವನ ಪಕ್ಕದಿಂದಲೇ ಹೋದ ಚೆಂಡು ಗೋಲಾಯಿತು.

“ಎಡಕ್ಕ ಹೊಡಿರೆಪಾ, ಎಡಕ್ಕ,” ಗುರುಲಿಂಗ ಕೂಗಿದ. ಎಡಕ್ಕೆ ಹೋದ ಚೆಂಡಿಗೆ ಮ್ಹಾಪಸಾದ ನಾಲ್ವರು ಆಗಲೇ ಕಾದು ನಿಂತಿದ್ದರು. “ಬಲಕ್ಕ,” ಎಂದ. ಅವರು ಬಲಕ್ಕೆ ಬಂದಿದ್ದರು. ನೆಂಟರನ್ನು ಎದುರುಗೊಳ್ಳಲು ಬಂದವರ ಹಾಗೆ ಚೆಂಡು ಬರುವ ಮೊದಲೇ ನಿಂತಿರುತ್ತಿದ್ದರು.

ಮಧ್ಯಂತರವಾಯಿತು. ನವೀದ ಹುಡುಗರನ್ನು ಕರೆದುಕೊಂಡು ಶೆಡ್ಡಿಗೆ ಹೋದ. ಕ್ಯಾಂಟೀನಿನ ಬಾಳಮ್ಮ ಕೋಕಂ ಶರಬತ್ತಿನ ಬಕೆಟ್ ಹಿಡಿದು ಅವರ ಹಿಂದೆ ಹೊರಟಿದ್ದಳು. ಪ್ರತಿ ಆಟದಲ್ಲೂ ಒಳಗೆ ಹೋಗುವವಳು ಅವಳು. ಗುರುಲಿಂಗನಿಗೆ ತಡೆಯಲಾಗಲಿಲ್ಲ.

“ಬಾಳಮ್ಮ, ಖರೇ ಹೇಳು. ಅಂವ ಒಳಗ ಏನ್ ಮಂತ್ರ ಹಾಕ್ತಾನು?”

“ಮಂತ್ರ ಎಲ್ಲೀದ್ರಿ,” ಬಾಳಮ್ಮ ಬಕೆಟ್ ಇಳಿಸಿದಳು. “ಗುರುಲಿಂಗ ಸರ್ ಏನ್ ಕೂಗ್ತಾರ ಅದರ ಉಲ್ಟಾ ಮಾಡ್ರಿ ಅಂತಾರ. ಎಡಕ್ಕ ಅಂದ್ರ ಬಲಕ್ಕ, ಹಿಂದ ಅಂದ್ರ ಮುಂದ.”

ಗುರುಲಿಂಗನ ಕಿವಿ ಬಿಸಿಯಾಯಿತು. “ಯಾಕ?”

“ಎದುರಿನವ್ರಿಗೂ ಕನ್ನಡ ಬರತೈತಲ್ರಿ. ಅಲ್ಲಿ ನೋಡ್ರಿ, ಅವ್ರ ಗೋಲಿನ ಮುಂದ ನಿಂತಾನಲ್ಲ, ಮಂಜು, ನಮ್ಮ ತಂಗೀ ಮಗ. ನಮ್ಮ ಮಂದಿ ಯಾವ ಕಾಲೇಜಿನಾಗ ಇಲ್ರಿ? ನೀವು ಕೂಗಿದ ಕೂಡ್ಲೆ ಅಂವ ಅವ್ರಿಗೆಲ್ಲ ಹೇಳ್ತಾನ. ಊರಿಗೇ ಗೊತ್ತೈತ್ರಿ ಇದು.”

“ನನಗ್ಯಾಕ ಯಾರೂ ಹೇಳಲಿಲ್ಲ?”

“ನೀವು ಮನಸಿಗೆ ಹಚ್ಕೋತೀರಿ ಅಂತ ನವೀದ ಸರ್ ಬ್ಯಾಡ ಅಂದ್ರು,” ಎಂದು ಬಾಳಮ್ಮ ಬಕೆಟ್ ಎತ್ತಿಕೊಂಡು ನಡೆದಳು.

ಗುರುಲಿಂಗ ಒಬ್ಬನೇ ನಿಂತ. ತಂಡ ಗೆದ್ದ ಆಟಗಳೆಲ್ಲ ಒಂದೊಂದಾಗಿ ಎದ್ದು ಹೋಗಿ ನವೀದನ ಪಕ್ಕ ಕೂತ ಹಾಗಾಯಿತು. ಆಮೇಲೆ ಹೊಟ್ಟೆಯ ಉರಿ ತಲೆಗೇರಿತು, ತಲೆ ಓಡತೊಡಗಿತು. ಹುಡುಗರು ಹೇಗೂ ಉಲ್ಟಾ ಮಾಡುತ್ತಾರೆ. ಹಾಗಾದರೆ ತಾನೇ ಉಲ್ಟಾ ಕೂಗಿದರಾಯಿತು. ಇವತ್ತಿನ ಗೆಲುವು ಪೂರ್ತಿ ತನ್ನದು.

ಎರಡನೆಯ ಅರ್ಧ ಶುರುವಾಯಿತು. ಚೆಂಡು ನಾಯಕ ಸುನಿಲನ ಕಾಲಲ್ಲಿತ್ತು. ಎಲ್ಲರೂ ನುಗ್ಗಿ ದಾಳಿ ಮಾಡಬೇಕಾದ ಗಳಿಗೆ. ಗುರುಲಿಂಗ ಎದೆ ತುಂಬ ಉಸಿರೆಳೆದುಕೊಂಡ.

“ಎಲ್ಲಾರೂ ಹಿಂದಕ್ಕ ಬರ್ರಿ. ಚೆಂಡ್ ಅಲ್ಲೇ ಬಿಡ್ರಿ.”

ಸುನಿಲ ತಿರುಗಿ ನೋಡಿದ. ಚೆಂಡನ್ನು ನಡುಗೆರೆಯಲ್ಲಿ ಬಿಟ್ಟು ಹಿಂದಕ್ಕೆ ಓಡಿದ. ಅವನ ಹಿಂದೆ ಉಳಿದವರೂ ಓಡಿದರು. ಅತ್ತ ಮಂಜು ಏನೋ ಕೂಗಿದ, ಮ್ಹಾಪಸಾದವರೆಲ್ಲ ಭಾರಿ ದಾಳಿ ಬರುತ್ತದೆಂದು ತಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತರು. ಮೈದಾನದ ನಡುವೆ ಚೆಂಡು ಮತ್ತು ರೆಫರಿ ಇಬ್ಬರೇ ಉಳಿದರು.

ಕೇಳಿಸಿಲ್ಲವೆಂದು ಗುರುಲಿಂಗ ದನಿ ಏರಿಸಿದ. “ಇನ್ನೂ ಹಿಂದಕ್ಕ.”

ಹುಡುಗರು ಇನ್ನೂ ಹಿಂದೆ ಸರಿದರು. ಒಂದು ನಾಯಿ ಬಂದು ಚೆಂಡನ್ನು ಮೂಸಿ ನೋಡಿ, ಇದಕ್ಕೆ ವಾರಸುದಾರರಿಲ್ಲವೆಂದು ಖಾತ್ರಿಯಾಗಿ ಪಕ್ಕದಲ್ಲೇ ಮಲಗಿತು. ಅದನ್ನು ಎಬ್ಬಿಸಿ ಕಳಿಸುವುದರಲ್ಲಿ ಸುಮಾರು ಹೊತ್ತು ಹೋಯಿತು. ಜನ ಎದ್ದು ನಿಂತು ಬೈಯತೊಡಗಿದರು.

“ಹಿಂದಕ್ಕ ಅನ್ನಾಕತ್ತೇನಿ, ತಿಳಿವಲ್ದೇನು? ಹಿಂದಕ್ಕ.”

“ಸರ್,” ಗೋಲಿನ ಬಲೆಯೊಳಗಿಂದ ಸುನಿಲ ಕೂಗಿದ, “ಇನ್ನ ಹಿಂದ ಜಾಗಾ ಇಲ್ರಿ.”

ಈಗ ‘ಮುಂದಕ್ಕೆ’ ಎಂದುಬಿಡೋಣವೇ ಎಂದು ಗುರುಲಿಂಗ ಯೋಚಿಸಿದ. ಹಾಗೆಂದರೆ ಹಿಂದೆ ಹೋಗಿಬಿಡುತ್ತಾರೆಂದು ಹೆದರಿದ. ಬಾಯಿ ತೆರೆದು ನಿಂತಿರುವಾಗಲೇ ಕೊನೆಯ ಸೀಟಿ ಕೇಳಿತು. ಒಂದು ಗೋಲಿನಿಂದ ಸೋತಿದ್ದರು.

ಸುನಿಲ ಬಲೆಯಿಂದ ಕಾಲು ಬಿಡಿಸಿಕೊಂಡು ಬಂದ. ಅವನ ಕಣ್ಣು ಒದ್ದೆಯಾಗಿತ್ತು.

“ನೀವು ಹೇಳಿದಂಗ ಮಾಡಿದ್ವಲ್ರಿ ಸರ್.”

“ಉಲ್ಟಾ ಯಾಕ ಮಾಡ್ಲಿಲ್ಲೋ?”

“ನವೀದ ಸರ್ ಇವತ್ತ ಬ್ಯಾಡ ಅಂದ್ರು. ನಮ್ಮ ಉಲ್ಟಾ ಆಟ ಮ್ಹಾಪಸಾದವ್ರಿಗೆ ತಿಳಿದೈತಿ, ಅದಕ್ಕ ಸರ್ ಹೇಳಿದ್ದ ನೆಟ್ಟಗ ಮಾಡ್ರಿ ಅಂದ್ರು. ಗೆದ್ರ ಗುರುಲಿಂಗ ಸರ್ ಕೆಲಸ ಉಳೀತೈತಿ, ಹೆಸರೂ ಅವ್ರದ ಆಗ್ಲಿ ಅಂದ್ರು.”

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಅವರು ಬಾಯಿ ಬಿಡುವ ಮೊದಲೇ ನವೀದ ಅಡ್ಡ ಬಂದು ತಪ್ಪೆಲ್ಲ ತನ್ನದೆಂದ. ಹುಡುಗರಿಗೆ ಹಾಗೆ ಹೇಳಿದವನು ತಾನು, ಗುರುಲಿಂಗ ಸರ್ ಅವರದ್ದೇನೂ ಇಲ್ಲ ಎಂದ. ಪ್ರಿನ್ಸಿಪಾಲರು ಅವನ ದೊಡ್ಡ ಮನಸ್ಸನ್ನು ಎಲ್ಲರ ಎದುರು ಹೊಗಳಿ, ಅಲ್ಲಿಯೇ ತಂಡವನ್ನು ಅವನ ಕೈಗೆ ಕೊಟ್ಟರು. ಆಟ ನೋಡಲು ಬಂದಿದ್ದ ಶ್ವೇತಾ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಜನ ಚದುರಿದ ಮೇಲೆ ನವೀದ ಹತ್ತಿರ ಬಂದು ಗುರುಲಿಂಗನ ಹೆಗಲ ಮೇಲೆ ಕೈಯಿಟ್ಟ.

“ಮನಸಿಗೆ ಹಚ್ಕೋಬ್ಯಾಡ್ರಿ. ನಾ ಪ್ರಿನ್ಸಿಪಾಲ್ರಿಗೆ ಖಡಾಖಂಡಿತ ಹೇಳೀನಿ, ಗುರುಲಿಂಗ ಸರ್ ಗೆರಿ ಮ್ಯಾಲ ನಿಂತು ಕೂಗ್ಲಿಕ್ಕೇ ಬೇಕು, ಇಲ್ಲಂದ್ರ ನನಗ ಈ ಕೆಲಸ ಬ್ಯಾಡ ಅಂತ.”

ಗುರುಲಿಂಗ ತಲೆಯೆತ್ತಿದ. “ದಾಳಿ ನಾನ ಹೇಳೂದೇನು?”

“ನೀವ. ಮನಸಿಗೆ ಬಂದದ್ದು ಕೂಗ್ರಿ,” ನವೀದ ಪ್ರೀತಿಯಿಂದ ಹೆಗಲು ಒತ್ತಿದ. “ಎದುರಿನವ್ರು ನಿಮ್ಮನ್ನ ಕೇಳ್ಕೋತ ನಿಂದ್ರತಾರ. ನಮ್ಮ ಹುಡುಗ್ರು ಕಿವಿಯಾಗ ಹತ್ತಿ ಇಟ್ಕೊಂಡು ಆಡ್ತಾರ.”