ಬಳೆಯಷ್ಟಗಲದ ಸುರುಳಿ

ಅಚ್ಚುಕಟ್ಟು ಎನ್ನುವುದು ಗುಣವೋ ಕಾಯಿಲೆಯೋ ನನಗಿನ್ನೂ ತೀರ್ಮಾನವಾಗಿಲ್ಲ. ನನ್ನ ಕಣ್ಣಿಗೆ ಬಿದ್ದ ಹಗ್ಗ, ದಾರ, ವೈರು ಯಾವುದೂ ಸುರುಳಿಯಾಗದೆ ಉಳಿದಿಲ್ಲ. ಒಮ್ಮೆ ನಮ್ಮತ್ತೆ ಅರ್ಧ ಕಟ್ಟಿದ್ದ ಕನಕಾಂಬರದ ಮಾಲೆಯನ್ನೂ ಉಂಡೆ ಸುತ್ತಿಟ್ಟು ಬೈಸಿಕೊಂಡಿದ್ದೇನೆ. ಹೊಸೂರಿನ ಲೇಸರ್ ಯಂತ್ರದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಅಲ್ಲಿ ಮಾತ್ರ ಈ ಗುಣಕ್ಕೆ ಮರ್ಯಾದೆಯಿತ್ತು, ಕಳೆದ ತಿಂಗಳವರೆಗೆ.

ನಮ್ಮ ಯಂತ್ರ ಬೆಳಕಿನಿಂದಲೇ ಕಬ್ಬಿಣದ ಮೇಲೆ ನಂಬರು ಕೊರೆಯುತ್ತದೆ. ಆ ಬೆಳಕು ಹರಿದುಬರುವುದು ಕೂದಲೆಳೆಯಂಥ ಗಾಜಿನ ತಂತಿಯೊಳಗೆ. ಕಳೆದ ತಿಂಗಳು ಒಂದು ದಿನ ಮಧ್ಯಾಹ್ನ ಕೊಯಮತ್ತೂರಿನ ಗಿರಾಕಿಗಳು ಯಂತ್ರ ನೋಡಲು ಬರುವವರಿದ್ದರು. ಬೆಳಗ್ಗೆ ಓಡಿಸಿ ನೋಡಿದರೆ ನಂಬರುಗಳೆಲ್ಲ ಮಸುಕು. ಯಂತ್ರ ಜೋಡಿಸಿದವಳು ನಾಗರತ್ನ, ದಿನಾ ರಾಯಕೋಟೆಯಿಂದ ಬಸ್ಸಿನಲ್ಲಿ ಬರುವ ಹೊಸ ಇಂಜಿನಿಯರ್. "ಕೈಲಾಗ್ದಿದ್ರೆ ಮೊದ್ಲೇ ಹೇಳ್ಬೇಕಮ್ಮಾ. ಪವರ್ ಏರ್ಸು," ಎಂದರು ಮ್ಯಾನೇಜರು.

"ಏರ್ಸಿದ್ರೆ ಸುಟ್ಟೋಗ್ತದೆ ಸಾರ್. ಬೆಳಕು ಎಲ್ಲೋ ಸೋರ್ತಾ ಅದೆ," ಎಂದವಳೇ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕಲು ಕೂತಳು. ಗಾಜಿನ ವಕ್ರೀಭವನ ಸೂಚ್ಯಂಕವಂತೆ, ಸೈನ್ ಅಂತೆ, ಕೋನವಂತೆ. ಹತ್ತನೆಯ ಕ್ಲಾಸಿನಲ್ಲಿ ನಾನು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನವೇ ಮರೆತಂಥವು. ನನ್ನ ಮುಖ ನೋಡಿ ಅವಳೇ ಬಿಡಿಸಿ ಹೇಳಿದಳು: "ತಂತಿ ನೆಟ್ಟಗಿದ್ರೆ ಬೆಳಕು ಅದ್ರ ಒಳಗೋಡೆಗೆ ಓರೆಯಾಗಿ ತಾಕಿ ಒಳಕ್ಕೇ ವಾಪಸ್ ಬತ್ತದೆ ಅಣ್ಣಾ. ತೀರಾ ಬಗ್ಗಿಸಿದ್ರೆ ಆಚೆಗೆ ಹೋಗ್ಬುಡ್ತದೆ. ಸುತ್ತು ಊಟದ ತಟ್ಟೆಯಷ್ಟಾದ್ರೂ ಅಗಲ ಇರ್ಬೇಕು."

ಯಂತ್ರ ಆರಿಸಿ ಹಿಂದಿನ ಮುಚ್ಚಳ ತೆಗೆದಳು. ಒಳಗೆ ತಂತಿ ಬಳೆಯಷ್ಟಗಲಕ್ಕೆ, ಒಂದೆಳೆಯೂ ಆಚೀಚೆಯಾಗದೆ ಸುತ್ತಿಕೊಂಡು ಕೂತಿತ್ತು. "ಇಷ್ಟು ಚೆಂದಾಗಿ ಯಾರು ಸುತ್ತವ್ರೆ?" ಎಂದು ಅವಳು ನಿಜವಾದ ಅಚ್ಚರಿಯಿಂದ ಕೇಳಿದಳು. ಮ್ಯಾನೇಜರು ಅವಳನ್ನೇ ನೋಡಿದರು. ಹಿಂದಿನ ಸಂಜೆ ನಾನು ಸುತ್ತಿದ್ದನ್ನು ಯಾರೂ ಕಂಡಿರಲಿಲ್ಲ, ಸುಮ್ಮನಿರಬಹುದಿತ್ತು. ಆದರೆ ಆ ಹುಡುಗಿಯ ಕೆಲಸ ಹೋಗುವುದು ಕಣ್ಣಿಗೆ ಕಟ್ಟಿತು. "ನಾನೇ ಸಾರ್, ಗಿರಾಕಿಗಳು ಒಳಗೆ ನೋಡಿದ್ರೆ ನೀಟಾಗಿರ್ಲಿ ಅಂತ," ಎಂದೆ. ಆಮೇಲೆ ಮ್ಯಾನೇಜರು ತಮಿಳಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡಿಸುವುದಿಲ್ಲ.

ನಾಗರತ್ನ ಸುರುಳಿ ಸಡಿಲಿಸಿದಳು. ಯಂತ್ರ ಹಚ್ಚುವ ಮೊದಲೇ, ಬೆಳಕಿನ ಶಕ್ತಿ ಅಳೆಯುವ ಮೀಟರು ಎಷ್ಟು ತೋರಿಸಬೇಕೆಂದು ಹಾಳೆಯ ಮೇಲೆ ಬರೆದಿಟ್ಟಳು. ಮುಳ್ಳು ಎದ್ದು, ತುಸು ತಡವರಿಸಿ, ಹೆಚ್ಚುಕಡಿಮೆ ಅಲ್ಲಿಗೇ ಹೋಗಿ ನಿಂತಿತು. ನನಗೆ ಮೈ ಜುಮ್ಮೆಂದಿತು. ಕಣ್ಣಿಗೇ ಕಾಣದ ಬೆಳಕು ಪೆನ್ಸಿಲ್ ಹಿಡಿದ ಹುಡುಗಿಯ ಮಾತು ಕೇಳುತ್ತದೆಂದು ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಗಿರಾಕಿಗಳು ನಂಬರು ಕೊರೆದ ತುಂಡನ್ನು ಬೆರಳಿಂದ ಸವರಿ ನೋಡಿ ಮೆಚ್ಚಿಕೊಂಡರು.

ಆ ಹಾಳೆಯನ್ನು ಬೇಡಿ ಮನೆಗೆ ತಂದೆ. ಎಂಟನೆಯ ಕ್ಲಾಸಿನ ಮಗಳನ್ನು ಕೂರಿಸಿ ಅರ್ಧ ಗಂಟೆ ಗಂಭೀರವಾಗಿ ವಿವರಿಸಿದೆ. ಎಲ್ಲ ಕೇಳಿ, "ಸರಿ ಅಪ್ಪಾ, ಸೈನ್ ಅಂದ್ರೇನು?" ಎಂದಳು.

"ಅದ್ನೆಲ್ಲಾ ಸ್ಕೂಲಲ್ಲಿ ಕೇಳ್ಬೇಕು ಕಣಮ್ಮಾ," ಎಂದೆ. "ನಾವು ಇಂಡಸ್ಟ್ರಿಯವ್ರು."