ಮನೆಯವರಿಗೆ ನೆಗಡಿ, ಡಬ್ಬಿಗೆ ಜ್ವರ

ಹನ್ನೆರಡು ಮಹಡಿಯ ಕಟ್ಟಡವನ್ನು ಹದಿನೇಳು ವರ್ಷಗಳಿಂದ ತಣ್ಣಗಿಟ್ಟವನಿಗೆ ಬೂಟಿನ ಡಬ್ಬಿಯಷ್ಟು ಕಂಪ್ಯೂಟರನ್ನು ತಣ್ಣಗಿಡುವುದು ಯಾವ ಮಹಾ ಕೆಲಸ! ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಸ್ಕ್ರೂಡ್ರೈವರುಗಳನ್ನು ಎತ್ತರದ ಪ್ರಕಾರ ಸಾಲಾಗಿ ಮಲಗಿಸಿ, ಎ.ಸಿ. ಮೇಲ್ವಿಚಾರಕರು ಹೀಗೆಂದು ಘೋಷಿಸಿದರು. ಕೇಳಲು ಮನೆಯಲ್ಲಿ ಇದ್ದವರು ಇಬ್ಬರು, ಹೆಂಡತಿ ಮತ್ತು ಹೆಂಡತಿಯ ತಾಯಿ. ಇಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಆಫೀಸು ಕಟ್ಟಡದಲ್ಲಿ ಮೇಲ್ವಿಚಾರಕರಿಗೆ ‘ಇಪ್ಪತ್ನಾಲ್ಕು’ ಎಂಬ ಅಡ್ಡಹೆಸರಿದೆ. ಯಾವ ಮಹಡಿಯಿಂದ ಯಾರು ಫೋನ್ ಮಾಡಿ ಸೆಕೆ ಎಂದು ಗೋಳಾಡಿದರೂ ಅವರು ನಿಧಾನವಾಗಿ ಹತ್ತಿ ಹೋಗುತ್ತಾರೆ. ಜೇಬಿನಿಂದ ಥರ್ಮಾಮೀಟರ್ ತೆಗೆದು ಗಾಳಿಯಲ್ಲಿ ಹಿಡಿಯುತ್ತಾರೆ. “ಇಪ್ಪತ್ನಾಲ್ಕು ಡಿಗ್ರಿ ಇದೆ. ಸೆಕೆ ಇರೋದು ನಿಮ್ಮ ಮನಸ್ಸಲ್ಲಿ” ಎಂದು ಹೇಳಿ ಇಳಿದು ಬರುತ್ತಾರೆ. ಅಲ್ಲಿಗೆ ದೂರು ಮುಗಿಯಿತು.

ಹೆಂಡತಿ ಕಟ್ಟಡಗಳ ಒಳಾಂಗಣದ ನಕ್ಷೆ ಬಿಡಿಸುವವಳು. ಹತ್ತು ವರ್ಷ ಇನ್ನೊಬ್ಬರ ಆಫೀಸಿನಲ್ಲಿ ದುಡಿದು, ಹೋದ ವರ್ಷ ಹೊರಬಂದು, ಮಲಗುವ ಕೋಣೆಯ ಮೂಲೆಯಲ್ಲಿ ಸ್ವಂತ ಕೆಲಸ ಶುರುಮಾಡಿದ್ದಳು. ಈಗ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯ ವಿನ್ಯಾಸಕ್ಕೆ ಸ್ಪರ್ಧೆ ಕರೆದಿದ್ದರು. ಅವಳ ಹೆಸರಿನಲ್ಲೇ ಹೋಗುವ ಮೊದಲ ಕೆಲಸ. ನಕ್ಷೆಗಳ ಜೊತೆ ಆ ಕೋಣೆಯಲ್ಲಿ ನಡೆದು ಹೋಗುವಂಥ ಒಂದು ನಿಮಿಷದ ಚಿತ್ರವನ್ನೂ ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು. ಆ ಒಂದು ನಿಮಿಷಕ್ಕೆ ಕಂಪ್ಯೂಟರ್ ಐದು ಗಂಟೆ ಮೈಮುರಿದು ದುಡಿಯಬೇಕು.

ಅವಳ ಹಳೆಯ ಕಂಪ್ಯೂಟರ್ ದುಡಿಯುತ್ತಿತ್ತು. ಅದರ ತಪ್ಪೆಂದರೆ ಗಾತ್ರ. ಮೇಜಿನ ಕೆಳಗೆ ಸಣ್ಣ ಬೀರುವಿನಂತೆ ಕೂತು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಒಂದು ದಿನ ಅವಳು “ಹಾಳಾದ್ದು” ಎಂದಳು. ಅದರ ಒಳಗಿನದನ್ನೆಲ್ಲ ಬಿಚ್ಚಿ ಪುಟ್ಟ ಹೊಸ ಡಬ್ಬಿಗೆ ಹಾಕಲು ಮೇಲ್ವಿಚಾರಕರಿಗೆ ಆ ಒಂದು ಮಾತು ಸಾಕಾಯಿತು.

“ಸ್ಪರ್ಧೆ ಮುಗೀಲಿ ರೀ, ಆಮೇಲೆ ನೋಡೋಣ” ಎಂದಳು ಹೆಂಡತಿ, ಬೆಡ್‌ಶೀಟಿನ ಮೇಲೆ ಬಿಚ್ಚಿ ಬಿದ್ದಿದ್ದ ತನ್ನ ಅನ್ನದಾತನನ್ನು ನೋಡುತ್ತಾ.

“ಸ್ಪರ್ಧೆಗೋಸ್ಕರಾನೇ ಕಣೇ ಇದು! ಅದೇ ಬುದ್ಧಿ, ಅದೇ ಶಕ್ತಿ, ಗಾತ್ರ ಮಾತ್ರ ಐದರಲ್ಲಿ ಒಂದು ಪಾಲು. ಬಿಸಿ ಗಾಳಿ ಹೊರಗೆ, ತಣ್ಣನೆ ಗಾಳಿ ಒಳಗೆ. ಇಷ್ಟೇ ಶಾಸ್ತ್ರ. ಇದನ್ನ ನಾನು ಹನ್ನೆರಡು ಮಹಡಿಗೆ ಮಾಡ್ತೀನಿ.”

“ಆ ಮಹಡಿಯವರೆಲ್ಲ ಸೆಕೆ ಅಂತಾರಲ್ಲ?”

“ಅದು ಅವರ ಮನಸ್ಸಲ್ಲಿ!”

ಅತ್ತೆಯವರ ವಿಷಯ ಇಲ್ಲಿ ಹೇಳಬೇಕು. ಹೊಸ ವಸ್ತುವಿಗೆ ಅಂಟಿಸಿ ಕಳಿಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳಬಾರದು ಎಂಬುದು ಅವರ ಬದುಕಿನ ತತ್ವ. ಫ್ರಿಜ್ಜಿನ ಬಾಗಿಲಿನ ನೀಲಿ ಹಾಳೆ ಐದು ವರ್ಷದಿಂದ ಹಾಗೇ ಇದೆ. ಮೂಲೆಗಳು ಮೇಲೆದ್ದು ಯಾರು ಹಾದುಹೋದರೂ ಕೈಬೀಸಿ ಕರೆಯುತ್ತವೆ. ಟಿ.ವಿ. ರಿಮೋಟು ಲಕೋಟೆಯೊಳಗಿನಿಂದಲೇ ಕೆಲಸ ಮಾಡುತ್ತದೆ. ಮೇಲ್ವಿಚಾರಕರು ಈ ವಿಷಯದಲ್ಲಿ ಸಮಾಜ ಸುಧಾರಕರು. ಒಮ್ಮೆ ಓವನ್ನಿನ ಗಾಜಿನ ಮೇಲಿನ ಹಾಳೆಯನ್ನು ಎಲ್ಲರೆದುರು ಪರ್ರನೆ ಕಿತ್ತು ಬಿಸಾಡಿದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು. ಅಂದಿನಿಂದ ಒಂದು ಒಪ್ಪಂದವಾಗಿತ್ತು. ಅಳಿಯ ಕೀಳಬಹುದು, ಬಿಸಾಡುವಂತಿಲ್ಲ. ಕಿತ್ತದ್ದೆಲ್ಲ ಅತ್ತೆಯ ಡ್ರಾಯರಿಗೆ.

ಆ ಭಾನುವಾರವೂ ಹೊಸ ಡಬ್ಬಿಯ ಎರಡು ಪಕ್ಕದ ಗಾಜುಗಳಿಂದ, ಮುಂಭಾಗದ ಫಲಕದಿಂದ ಹಾಳೆಗಳನ್ನು ಎಳೆದೆಳೆದು ತೆಗೆದು ಎರಡೂ ಕೈಯಲ್ಲಿ ಅರ್ಪಿಸಿದರು.

“ತಗೊಳ್ಳಿ ಅತ್ತೆ, ನಿಮ್ಮ ಆಸ್ತಿ.”

ಜೊತೆಗೆ ತಂಪುಗೊಳಿಸುವ ಹೊಸ ಫ್ಯಾನಿನ ಪೆಟ್ಟಿಗೆಯಲ್ಲಿದ್ದ ಸೂಚನೆಯ ಚೀಟಿಯನ್ನೂ ಮಡಚಿದ್ದು ಮಡಚಿದ ಹಾಗೆಯೇ ಕೊಟ್ಟರು. “ಇದೂ ನಿಮಗೇ. ಹದಿನೇಳು ವರ್ಷದವನಿಗೆ ಚೀಟಿ ಯಾಕೆ?”

ಅತ್ತೆ ಹಾಳೆಗಳನ್ನು ಅಂಗೈಯಲ್ಲಿ ಸವರಿ ನೇರ ಮಾಡಿ, ಚೀಟಿಯ ಸಮೇತ ಡ್ರಾಯರಿಗೆ ಹಾಕಿಕೊಂಡರು.

ಡಬ್ಬಿ ಕಟ್ಟುವುದು ಸಂಜೆಯವರೆಗೂ ನಡೆಯಿತು. ಚಿತ್ರ ಮೂಡಿಸುವ ಕಾರ್ಡು ಒಳಗೆ ಹೋಗಲು ಒಪ್ಪಲಿಲ್ಲ. ಒಪ್ಪಿದ ಮೇಲೆ ವೈರುಗಳಿಗೆ ಜಾಗವಿರಲಿಲ್ಲ. ಜಾಗ ಸಿಕ್ಕ ಮೇಲೆ ಒಂದು ಸ್ಕ್ರೂ ಇರಲಿಲ್ಲ. ಕೊನೆಗೆ ಕಂಪ್ಯೂಟರಿನ ಮಿದುಳಿನ ಮೇಲೆ ಬಿಸಿಯನ್ನು ಮೇಲಕ್ಕೆ ದಾಟಿಸುವ ಬೂದು ಬಣ್ಣದ ಪೇಸ್ಟನ್ನು ಹಲ್ಲುಜ್ಜುವ ಅಳತೆಯಲ್ಲಿ ಹಿಂಡಿ, ಅದರ ಮೇಲೆ ತಾಮ್ರದ ತಳದ ಫ್ಯಾನನ್ನು ಕೂರಿಸಿ, ನಾಲ್ಕೂ ಮೂಲೆ ಬಿಗಿದು, ಮೇಲ್ವಿಚಾರಕರು ಬೆವರು ಒರೆಸಿಕೊಂಡರು. ಹಳೆಯ ತಗಡಿನ ಪೆಟ್ಟಿಗೆ, ಅದರ ದಪ್ಪನೆಯ ಫ್ಯಾನುಗಳ ಸಮೇತ, ಆರು ಗಂಟೆಗೆ ಬಂದ ಗುಜರಿಯವನ ಗಾಡಿ ಹತ್ತಿತು. “ಹಿಂದೆ ನೋಡೋ ಮಾತೇ ಇಲ್ಲ” ಎಂದರು ಮೇಲ್ವಿಚಾರಕರು. ಈ ಮಾತು ಮಾತ್ರ ಮುಂದೆ ಅಕ್ಷರಶಃ ನಿಜವಾಯಿತು.

ಸೋಮವಾರ, ಮಂಗಳವಾರ ಹೆಂಡತಿಗೆ ಗೆರೆ ತಿದ್ದುವ ಹಗುರ ಕೆಲಸ. ಮೊಣಕಾಲಿಗೆ ಸುಖವಿತ್ತು, ಕಿವಿಗೆ ಇರಲಿಲ್ಲ.

“ರೀ, ಇದು ಯಾಕೆ ಈಗಲೋ ಆಗಲೋ ಹಾರೋ ಹಾಗೆ ಸದ್ದು ಮಾಡ್ತಿದೆ?”

“ಉಸಿರಾಡ್ತಿದೆ ಕಣೇ. ಸಣ್ಣ ಮೈ, ದೊಡ್ಡ ಶ್ವಾಸಕೋಶ!”

ಬುಧವಾರ ಮಧ್ಯಾಹ್ನ ಅವಳು ಒಂದು ನಿಮಿಷದ ಚಿತ್ರಕ್ಕೆ ಚಾಲನೆ ಕೊಟ್ಟಳು. ಹನ್ನೊಂದನೆಯ ನಿಮಿಷಕ್ಕೆ ಏಳನೇ ಮಹಡಿಯಲ್ಲಿ ಥರ್ಮಾಮೀಟರ್ ಎತ್ತಿ ಹಿಡಿದಿದ್ದ ಮೇಲ್ವಿಚಾರಕರ ಫೋನ್ ಬಡಿದುಕೊಂಡಿತು.

“ರೀ, ನಿಂತುಹೋಯ್ತು.”

“ಏನು?”

“ನಿಮ್ಮ ಶ್ವಾಸಕೋಶ.”

ಅರ್ಧ ದಿನ ರಜೆ ಹಾಕಿ ಬಂದು ನೋಡಿದರೆ ಪರದೆಯ ಮೂಲೆಯಲ್ಲಿ ಉಷ್ಣತೆಯ ಅಂಕಿ ಅರವತ್ತರಿಂದ ಓಡಲು ಶುರುಮಾಡಿ ತೊಂಬತ್ತೊಂಬತ್ತಕ್ಕೆ ತಲುಪಿದೊಡನೆ ಪರದೆಯೇ ಕಪ್ಪಾಗುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: “ಹೇಗೂ ಕುದೀತಾ ಇದೆಯಲ್ಲ ಅಳಿಯಂದ್ರೇ, ಅದರ ಮೇಲೇ ಚಹಾಕ್ಕೆ ನೀರಿಡಲಾ?”

ಮೇಲ್ವಿಚಾರಕರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಳಿಯ ಹರಿವೇ ಸರಿಯಿಲ್ಲ ಎಂದು ತೀರ್ಮಾನಿಸಿ ಮೊದಲು ಪಕ್ಕದ ಗಾಜು ಬಿಚ್ಚಿದರು. ತೊಂಬತ್ತೊಂಬತ್ತು. ಡಬ್ಬಿಯ ಹಿಂಬದಿಯ ಫ್ಯಾನನ್ನು ತಿರುಗಿಸಿ ಕಟ್ಟಿದರು. ತೊಂಬತ್ತೊಂಬತ್ತು. ಮೇಜಿನ ಫ್ಯಾನು ತಂದು ಡಬ್ಬಿಯ ಮುಖಕ್ಕೇ ಹಿಡಿದರು; ಗ್ರಂಥಾಲಯದ ನಕ್ಷೆಗಳು ಎದ್ದು ಕೋಣೆಯ ತುಂಬ ಹಾರಾಡಿ, ಒಂದು ಕಿಟಕಿಯಾಚೆ ಹೋಗಿ ಕೆಳಮನೆಯವರ ಒಣಹಾಕಿದ ಬಟ್ಟೆಗೆ ಅಂಟಿಕೊಂಡಿತು. ತೊಂಬತ್ತೆಂಟು! “ನೋಡಿದ್ಯಾ, ಇಳೀತಿದೆ” ಎಂದರು ಮೇಲ್ವಿಚಾರಕರು.

ಆಮೇಲೆ ಮಾಡಿದ್ದರ ಬಗ್ಗೆ ಅವರು ಇಂದಿಗೂ ಆಫೀಸಿನಲ್ಲಿ ಬಾಯಿ ಬಿಟ್ಟಿಲ್ಲ. ಡಬ್ಬಿಯನ್ನು ಅಡುಗೆಮನೆಗೆ ಹೊತ್ತೊಯ್ದು ಫ್ರಿಜ್ಜಿನ ಬಾಗಿಲು ತೆಗೆದು ಅದರೆದುರು ಸ್ಟೂಲಿನ ಮೇಲಿಟ್ಟರು. ಬಾಗಿಲು ತೆರೆದ ಫ್ರಿಜ್ಜು ಕೋಣೆಯನ್ನು ಇನ್ನಷ್ಟು ಬಿಸಿಮಾಡುತ್ತದೆ ಎಂಬುದು ಅವರ ಕಸುಬಿನಲ್ಲಿ ಮೊದಲ ದಿನದ ಪಾಠ. ಅದನ್ನು ಅವರೇ ಹೊಸಬರಿಗೆ ಕಲಿಸುತ್ತಾರೆ. ಸಂಜೆಗೆ ಹಾಲು ಒಡೆದಿತ್ತು. ಡಬ್ಬಿ ತೊಂಬತ್ತೊಂಬತ್ತರಲ್ಲಿ ಸುಖವಾಗಿತ್ತು.

ಗುರುವಾರ ರಜೆ ಪೂರ್ತಿ ದಿನದ್ದಾಯಿತು. ಆಫೀಸು ಕಟ್ಟಡದ ಉಗ್ರಾಣದಿಂದ ಬಂದ ಅಲ್ಯೂಮಿನಿಯಂ ಕೊಳವೆ, ಆನೆಯ ಸೊಂಡಿಲಿನ ದಪ್ಪದ್ದು, ಮಲಗುವ ಕೋಣೆಯ ಎ.ಸಿ.ಯ ಬಾಯಿಂದ ಹೊರಟು, ಹಾಸಿಗೆಯ ಮೇಲೆ ಹಾದು, ಬೀರುವನ್ನು ಬಳಸಿ, ಡಬ್ಬಿಯ ಪಕ್ಕೆಗೆ ಟೇಪಿನಿಂದ ಅಂಟಿಕೊಂಡಿತು. ಎ.ಸಿ.ಯನ್ನು ಹದಿನೆಂಟಕ್ಕೆ ಇಳಿಸಿದರು. ಮೇಲ್ವಿಚಾರಕರ ಜೀವನದಲ್ಲಿ ಇಪ್ಪತ್ನಾಲ್ಕು ಮುರಿದದ್ದು ಇದೇ ಮೊದಲು.

ಹೆಂಡತಿ ಸ್ವೆಟರ್ ಹಾಕಿಕೊಂಡು, ಸಾಕ್ಸ್ ಹಾಕಿಕೊಂಡು, ಕೈಬೆರಳುಗಳನ್ನು ಬಾಯಿಂದ ಊದಿಕೊಳ್ಳುತ್ತಾ ಮತ್ತೆ ಚಾಲನೆ ಕೊಟ್ಟಳು. ಈ ಸಲ ಡಬ್ಬಿ ನಿಂತುಹೋಗಲಿಲ್ಲ. ಜೀವ ಉಳಿಸಿಕೊಳ್ಳಲು ತೆವಳತೊಡಗಿತು. ಪರದೆಯ ಮೇಲೆ ಒಂದು ಸಾಲು ಮೂಡಿತು. ಉಳಿದ ಸಮಯ: ನಲವತ್ತೊಂದು ಗಂಟೆ.

ಆಗ ಗುರುವಾರ ಬೆಳಿಗ್ಗೆ ಹತ್ತು. ಶುಕ್ರವಾರ ಸಂಜೆ ಐದಕ್ಕೆ ಉಳಿದದ್ದು ಮೂವತ್ತೊಂದು.

“ನಿನ್ನ ಹಳೇ ಆಫೀಸಲ್ಲಿ ಒಂದು ದಿನದ ಮಟ್ಟಿಗೆ ಕಂಪ್ಯೂಟರ್ ಕೇಳಿದ್ರೆ?” ಎಂದರು ಮೇಲ್ವಿಚಾರಕರು, ಧ್ವನಿ ತಗ್ಗಿಸಿ.

“ಕೇಳಬಹುದು. ಅವರೂ ಇದೇ ಸ್ಪರ್ಧೆಗೆ ಮಾಡ್ತಿದಾರೆ.”

ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದರೆ, “ಸೋಮವಾರ ತನ್ನಿ ಸಾರ್” ಎಂದ. ಅಷ್ಟರಲ್ಲಿ ತಣ್ಣನೆಯ ಕೊಳವೆಯ ಮೈ ಬೆವರಿ ತೊಟ್ಟಿಕ್ಕಿ ಓದುವ ಕೋಣೆಯ ನಕ್ಷೆಯ ನಡುಮಧ್ಯೆ ಒಂದು ಕೊಳ ಮಾಡಿತ್ತು. ಹೆಂಡತಿ ಅದನ್ನೇ ನೋಡುತ್ತಾ ಕೂತಳು. “ಲೈಬ್ರರಿಯೊಳಗೆ ಮಳೆ ಬರೋ ಹಾಗೆ ನಾನು ಬಿಡಿಸಿರಲಿಲ್ಲ” ಎಂದಳು. ಕೂಗಿದ್ದರೆ ಮೇಲ್ವಿಚಾರಕರಿಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಲಿಲ್ಲ.

ಅತ್ತೆ ಶಾಲು ಹೊದ್ದು ಎರಡು ಸಲ ಸೀನಿ ಹೇಳಿದರು: “ಮನೆಯವರಿಗೆಲ್ಲ ನೆಗಡಿ. ಜ್ವರ ಮಾತ್ರ ಅದಕ್ಕೆ.”

ಶುಕ್ರವಾರ ಹತ್ತೂವರೆಗೆ ಹೆಂಡತಿ ಸ್ಪರ್ಧೆಯವರಿಗೆ ಪತ್ರ ಬರೆಯಲು ಕೂತಳು. ‘ಕಾರಣಾಂತರಗಳಿಂದ ಭಾಗವಹಿಸಲು ಆಗುತ್ತಿಲ್ಲ’ ಎಂದು ಬರೆದು ತಲೆಯೆತ್ತಿದಳು.

“ಕಾರಣಾಂತರ ಸಾಕಾ, ಇಲ್ಲಾ ನಿಮ್ಮ ಹೆಸರೇ ಹಾಕಲಾ?”

ಹದಿನೇಳು ವರ್ಷದ ಅನುಭವ ಆ ಹೊತ್ತಿಗೆ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತಿತ್ತು. ಅವಳು ಸ್ವಂತದ್ದೆಂದು ಹತ್ತು ವರ್ಷ ಕಾದು ಮಾಡಿದ ಮೊದಲ ಕೆಲಸ, ಗಂಡನ ಜಂಬಕ್ಕೆ ಹಾಳಾಗುತ್ತಿದೆ. ಮೇಲ್ವಿಚಾರಕರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆಯವರು ತಮ್ಮ ಡ್ರಾಯರನ್ನೇ ಮೇಜಿನಿಂದ ಎಳೆದು ತೆಗೆದು, ತೊಡೆಯ ಮೇಲೆ ಇಟ್ಟುಕೊಂಡು, ಎದುರಿನ ಕುರ್ಚಿಯಲ್ಲಿ ಕೂತರು.

“ಅಳಿಯಂದ್ರೇ, ಒಂದು ಲೆಕ್ಕ ತಪ್ಪಿದೆ.”

“ಅತ್ತೆ, ಈಗ ಬೇಡ...”

“ಭಾನುವಾರ ನೀವು ಕೊಟ್ಟಿದ್ದು ಮೂರು ಹಾಳೆ. ಪಕ್ಕದ್ದು ಎರಡು, ಮುಂದಿನದು ಒಂದು. ಹೌದಾ?” ಅತ್ತೆ ಸೂಚನೆಯ ಚೀಟಿ ಬಿಡಿಸಿ ಕನ್ನಡಕ ಸರಿಮಾಡಿಕೊಂಡರು. “ಈ ಮೂರನೇ ಚಿತ್ರದಲ್ಲಿ ಒಂದು ಕೈ ಫ್ಯಾನಿನ ತಳದಿಂದ ಒಂದು ಚಿಕ್ಕ ಹಾಳೆ ಕೀಳ್ತಾ ಇದೆ. ಅದು ನನ್ನ ಹತ್ರ ಬಂದಿಲ್ಲ.”

ಹೆಂಡತಿ ಪತ್ರ ಬಿಟ್ಟು ಚೀಟಿಯತ್ತ ಬಗ್ಗಿದಳು.

“ನೀವು ಕದ್ದು ಬಿಸಾಕಿದ್ರಿ ಅಂತ ಅಂದ್ಕೊಂಡಿದ್ದೆ” ಎಂದರು ಅತ್ತೆ. “ಐದು ದಿನದಿಂದ ಮನಸ್ಸಿಗೆ ಬೇಜಾರಾಗಿತ್ತು. ಬಿಸಾಕಿದ್ರಾ?”

ಮೇಲ್ವಿಚಾರಕರು ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ನಾಲ್ಕು ಸ್ಕ್ರೂ ಬಿಚ್ಚಿದರು. ಫ್ಯಾನನ್ನು ಎತ್ತಿ ತಿರುಗಿಸಿದರು. ಬೂದು ಪೇಸ್ಟಿನ ಅಡಿಯಲ್ಲಿ, ತಾಮ್ರದ ತಳಕ್ಕೆ ಮಗುವಿನಂತೆ ಅವಚಿಕೊಂಡು, ಅಂಚೆಚೀಟಿಗಿಂತ ತುಸು ದೊಡ್ಡದಾದ ಪಾರದರ್ಶಕ ಹಾಳೆಯಿತ್ತು. ಬೆರಳಿನಿಂದ ಒರೆಸಿದಾಗ ಕೆಂಪು ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಬಳಸುವ ಮುನ್ನ ತೆಗೆಯಿರಿ. ಅದನ್ನೇ ನಾಲ್ಕು ಭಾಷೆಯಲ್ಲಿ ಬರೆದಿದ್ದರು. ಐದು ದಿನದಿಂದ ಬಿಸಿಗೂ ತಾಮ್ರಕ್ಕೂ ನಡುವೆ ಆ ಹಾಳೆ ಕಂಬಳಿ ಹೊದ್ದು ಮಲಗಿತ್ತು.

ಡಬ್ಬಿಯ ಹಾಳೆಗಳನ್ನೆಲ್ಲ ಕಿತ್ತ ಸುಧಾರಕರು ಕೀಳಲೇಬೇಕಾದ ಒಂದನ್ನು ಬಿಟ್ಟಿದ್ದರು.

ಹೆಂಡತಿ ಹಾಳೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಸಣ್ಣಗೆ ಶುರುವಾದ ನಗು ಸ್ವೆಟರಿನೊಳಗೇ ಅಲುಗಾಡಿ ಕೆಮ್ಮಿಗೆ ತಿರುಗಿತು. “ರೀ, ಬೇಗ ಜೋಡಿಸಿ. ನಗೋದು ಐದು ಗಂಟೆ ಮೇಲಿಟ್ಟುಕೊಳ್ತೀನಿ.”

ಹನ್ನೊಂದೂವರೆಗೆ ಚಿತ್ರ ಓಡತೊಡಗಿತು. ಅಂಕಿ ಅರವತ್ತೈದಕ್ಕೆ ಬಂದು, ಅತ್ತಿತ್ತ ನೋಡಿ, ಅರವತ್ತೆಂಟರಲ್ಲಿ ಕೂತಿತು. ಉಳಿದ ಸಮಯ: ಐದು ಗಂಟೆ. ಕೊಳವೆ ಕಳಚಿತು, ಎ.ಸಿ. ಆರಿತು. ಆದರೂ ಕರೆಂಟಿನ ಭಯಕ್ಕೆ ಮನೆಯಲ್ಲಿ ಇಸ್ತ್ರಿ ಇಲ್ಲ, ಮಿಕ್ಸಿ ಇಲ್ಲ, ಯಾರೂ ಜೋರಾಗಿ ಬಾಗಿಲು ಹಾಕುವಂತಿಲ್ಲ. ಮೇಲ್ವಿಚಾರಕರು ಡಬ್ಬಿಯ ಎದುರು ನೆಲದ ಮೇಲೆ ಕೂತು, ಪರೀಕ್ಷಾ ಕೊಠಡಿಯ ಹೊರಗೆ ಕಾಯುವ ತಂದೆಯಂತೆ, ಐದು ಗಂಟೆ ಅಂಕಿ ನೋಡಿದರು. ನಾಲ್ಕು ನಲವತ್ತಕ್ಕೆ ಓದುವ ಕೋಣೆಯೊಳಗೆ ಬಿಸಿಲು ಬಿತ್ತು, ಕುರ್ಚಿಗಳ ನಡುವೆ ಕಣ್ಣು ನಡೆದು ಹೋಯಿತು, ಚಿತ್ರ ಮುಗಿಯಿತು. ನಾಲ್ಕು ಐವತ್ತೆರಡಕ್ಕೆ ಹೆಂಡತಿ ಕಳಿಸಿದಳು. ಐದು ಗಂಟೆ ಹೊಡೆದ ಮೇಲೆ, ಮಾತು ಕೊಟ್ಟ ಪ್ರಕಾರ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅತ್ತೆ ಆ ಚಿಕ್ಕ ಹಾಳೆಯನ್ನು ಸೋಪು ಹಾಕಿ ತೊಳೆದು ಒಣಗಿಸಿದರು. ಅದು ಡ್ರಾಯರಿಗೆ ಹೋಗಲಿಲ್ಲ. ಗಾಳಿಯ ಕಿಂಡಿಗಳನ್ನು ತಪ್ಪಿಸಿ, ಡಬ್ಬಿಯ ಮುಂಭಾಗದಲ್ಲಿ, ಆನ್ ಮಾಡುವ ಗುಂಡಿಯ ಪಕ್ಕ, ಅದನ್ನು ನೀಟಾಗಿ ಅಂಟಿಸಿದರು. “ಇದನ್ನ ಮಾತ್ರ ಕೀಳಬೇಡಿ” ಎಂದರು. ಮೇಲ್ವಿಚಾರಕರು ಕೀಳಲಿಲ್ಲ. ಫ್ರಿಜ್ಜಿನ ನೀಲಿ ಹಾಳೆಯ ಮೇಲೆದ್ದ ಮೂಲೆಗಳನ್ನೂ ಹೋಗುತ್ತಾ ಬರುತ್ತಾ ಒತ್ತಿ ಕೂರಿಸತೊಡಗಿದರು.

ಮುಂದಿನ ವಾರ ಕಟ್ಟಡದ ಲಿಫ್ಟ್ ಮೆಕ್ಯಾನಿಕ್ ಕೊಳವೆ ವಾಪಸು ಒಯ್ಯಲು ಮನೆಗೆ ಬಂದ. ಚಹಾ ಕುಡಿಯುತ್ತಾ ಡಬ್ಬಿಯನ್ನು ಮೆಚ್ಚಿ ನೋಡಿ, ಬಗ್ಗಿ, ಕೆಂಪು ಅಕ್ಷರ ಓದಿದ.

“ಸಾರ್, ಇದನ್ನ ಬಳಸೋಕೆ ಮುಂಚೆ ತೆಗೀಬೇಕಂತಲ್ಲ?”

“ಗೊತ್ತಪ್ಪಾ, ಗೊತ್ತು” ಎಂದರು ಮೇಲ್ವಿಚಾರಕರು, ಗತ್ತಿನಿಂದ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಈಗ ಗೊತ್ತು!”