ಕರಾಚಿಯಿಂದ ಹುಬ್ಬಳ್ಳಿಗೆ ಎರಡೇ ದಿನ

ಹುಬ್ಬಳ್ಳಿ, ಮಾರ್ಚ್ ೧೯೩೫

ಗಗನದೂತ ವಿಮಾನ ಟಪಾಲು ಕಂಪನಿಯ ಮಾನ್ಯ ಮ್ಯಾನೇಜರ ಸಾಹೇಬರೇ,

ಮೋಡಗಳ ಮೇಲೆ ಕಾರಭಾರ ನಡೆಸುವ ತಮಗೆ, ನೆಲದ ಮೇಲೆ ಕೂತು ಅಂಗಿ ಹೊಲಿಯುವ ಕಮರುದ್ದೀನ ದರ್ಜಿಯ ಸಲಾಮು. ಮದ್ರಾಸಿಗೆ ಹೋಗುವ ತಮ್ಮ ವಿಮಾನ ಕರಾಚಿಯಿಂದ ಬಳ್ಳಾರಿಯವರೆಗಿನ ಒಂಬೈನೂರು ಮೈಲನ್ನು ಒಂದೇ ದಿನದಲ್ಲಿ ಹಾರುತ್ತದೆಂಬ ಜಾಹೀರಾತನ್ನು ಮೂರು ಸಲ ಓದಿ, ಆದರೂ ನಂಬದೆ, ಶಾಲೆಯ ನಕಾಶೆಯ ಮೇಲೆ ನನ್ನ ಅಳತೆಪಟ್ಟಿ ಇಟ್ಟು ನೋಡಿದೆ. ಏನು ನೇರ ದಾರಿ, ಸಾಹೇಬರೇ. ರೈಲು ಕಂಡ ಕಂಡ ಊರಿಗೆ ಸುತ್ತಿ ಬಂದರೆ, ತಮ್ಮದು ದಾರ ಎಳೆದು ಹಿಡಿದಂತೆ. ಬಳ್ಳಾರಿಯಿಂದ ಇಲ್ಲಿಗೆ ರೈಲಿನವರಿಗೆ ಇನ್ನೊಂದು ದಿನ ಉದಾರವಾಗಿ ಕೊಟ್ಟು, ಒಟ್ಟು ಎರಡು ದಿನವೆಂದು ಹಿಡಿದು, ಮಗಳು ಅಬೀದಾಳ ನಿಕಾಹಕ್ಕೆ ಶುಕ್ರವಾರ ಗೊತ್ತು ಮಾಡಿದೆ.

ವರ ಇಲ್ಲೇ ಪಕ್ಕದ ಬೆಂಗೇರಿಯವನು, ಕರಾಚಿಯ ಬಂದರಿನಲ್ಲಿ ನೌಕರಿ, ರಜೆಯ ಮೇಲೆ ಊರಿಗೆ ಬಂದಿದ್ದ. ನನ್ನ ಅಣ್ಣ ಗೌಸಮೊದ್ದೀನನೂ ಕರಾಚಿಯಲ್ಲೇ ಇದ್ದಾನೆ. ನಮ್ಮಲ್ಲಿ ಮನೆಯ ಹಿರಿಯರು ಹುಡುಗನ ನಡತೆ ವಿಚಾರಿಸಿ ಹೂಂ ಎನ್ನದೆ ಹೆಣ್ಣು ಕೊಡುವುದಿಲ್ಲ. ತಂತಿ ಕೊಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೆಣ್ಣುಮಗಳ ಮಾತನ್ನು ತಾರು ಮಾಸ್ತರರ ಬಾಯಿಗೆ ಹಾಕುವ ರೂಢಿ ನಮಗಿಲ್ಲ. ವಿಚಾರಣೆ ಮುಗಿಸಿ ಮಂಗಳವಾರ ತಮ್ಮ ವಿಮಾನಕ್ಕೇ ಪತ್ರ ಹಾಕುತ್ತೇನೆಂದು ಅಣ್ಣ ಮೊದಲೇ ತಿಳಿಸಿದ್ದ.

ಗುರುವಾರ ಪತ್ರ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಬೀಗರು ಬಂದು ಕೂತರು, ಬಿರಿಯಾನಿ ಆರತೊಡಗಿತು. ನನ್ನ ತಾಯಿ ಲಾಲಬಿ, “ಹಿರಿಮಗನ ಕಾಗದ ಬರೂತನಕಾ ತಡೀರಿ” ಎಂದು ಹಟ ಹಿಡಿದಳು. ಅದಕ್ಕೆ ವರನ ಕಾಕಾ ನಕ್ಕು, “ಬ್ಯಾಡ ಅನ್ನೂದಿದ್ರ ಇಷ್ಟೊತ್ತಿಗೆ ಬಂದಿರ್ತಿತ್ತರಿ. ವಿಮಾನ ಅಂದ್ರ ಚಕ್ಕಡಿ ಅಂತ ತಿಳದೀರೇನು?” ಎಂದ. ನಾನು ತಮ್ಮ ಜಾಹೀರಾತನ್ನು ಜೇಬಿನಿಂದ ತೆಗೆದು ನೋಡಿದೆ. ಅವನ ಮಾತು ಖರೆ ಅನಿಸಿತು. ನಿಕಾಹ ಓದಿಸಿದೆ.

ಪತ್ರ ಮುಂದಿನ ಬುಧವಾರ ಬಂತು. ಲಕೋಟೆಯ ಮೇಲೆ ಮದ್ರಾಸಿನ ಮುದ್ರೆ. ತಮ್ಮ ವಿಮಾನ ಎಷ್ಟು ಚುರುಕೆಂದರೆ, ಬಳ್ಳಾರಿಯಲ್ಲಿ ಟಪಾಲಿನ ಚೀಲ ಇಳಿಸುವ ಪುರುಸೊತ್ತೂ ಇಲ್ಲದೆ ಮದ್ರಾಸು ಮುಟ್ಟಿತ್ತು. ಅಲ್ಲಿಂದ ಪಾಪ, ರೈಲೇ ಅದನ್ನು ಹೊತ್ತು ತಂದಿತು. ಒಳಗೆ ಅಣ್ಣ ಬರೆದದ್ದು ಎರಡೇ ಸಾಲು: ಈ ಹುಡುಗನಿಗೆ ಇಲ್ಲಿ ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಅಬೀದಾಳನ್ನು ಕೊಡಬೇಡ.

ತಮ್ಮ ವೇಗವನ್ನು ಹೊಗಳಲು ದರ್ಜಿಯ ಬಾಯಿ ಸಾಲದು. ಆದ್ದರಿಂದ ಒಂದೇ ವಿನಂತಿ. ಮುಂದಕ್ಕೆ ಇಷ್ಟು ಬೇಗ ಹಾರುವ ವಿಮಾನ ಹಿಂದಕ್ಕೂ ಹಾರಬಲ್ಲದೆಂದು ನಂಬಿದ್ದೇನೆ. ದಯಮಾಡಿ ಅದನ್ನು ಆ ಶುಕ್ರವಾರ ಮಧ್ಯಾಹ್ನ, ಕಾಜಿಯವರು ಬಾಯಿ ತೆರೆಯುವ ಮುಂಚೆ, ನನ್ನ ಅಂಗಳದಲ್ಲಿ ಇಳಿಸಬೇಕು. ಮಗಳು ನನ್ನ ಮುಖ ನೋಡಿ ಮಾತಾಡದೆ ಇಂದಿಗೆ ಹನ್ನೊಂದು ದಿನ. ತಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ತಮ್ಮ ಮೈಲು-ಗಂಟೆಗಳನ್ನು ಅಕ್ಷರಶಃ ನಂಬಿದ ವಿಶ್ವಾಸಿ,
ಕಮರುದ್ದೀನ ದರ್ಜಿ

ತಾ.ಕ.: ಪತ್ರ ಓದಿದ ಕೂಡಲೇ ಬೆಂಗೇರಿಗೆ ಓಡಿದೆ. ಅಳಿಯ ಹಿಂದಿನ ದಿನವೇ ಕರಾಚಿಗೆ ಹೊರಟುಹೋಗಿದ್ದ, ಸಾದಾ ರೈಲಿನಲ್ಲಿ. ತಮ್ಮ ವಿಮಾನದಲ್ಲಿ ಹೋಗಿದ್ದರೆ ಇನ್ನೂ ಮದ್ರಾಸಿನಲ್ಲಿ ಕೈಗೆ ಸಿಗುತ್ತಿದ್ದ.